ಅಲ್ಪ್ರಾಜೋಲಮ್‌ನಿಂದ ಕ್ಲೋನಾಜೆಪಾಮ್‌ಗೆ: ಎಂಜಿ ಇಳಿದರೆ ಡೋಸ್ ಇಳಿಯಿತೇ?

ಪ್ರಶ್ನೆ: ನನಗೆ 41 ವರ್ಷ, ಹಾವೇರಿ ಜಿಲ್ಲೆಯವನು. ಎರಡು ವರ್ಷದಿಂದ ಆತಂಕಕ್ಕೆ ಅಲ್ಪ್ರಾಜೋಲಮ್ 0.5 ಎಂಜಿ ಮಾತ್ರೆ ದಿನಕ್ಕೆ ಮೂರು ಸಲ ತೆಗೆದುಕೊಳ್ಳುತ್ತಿದ್ದೆ. ಬೆಳಗಿನ ಜಾವ ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ ಎಂದದ್ದಕ್ಕೆ ಈಗಿನ ಡಾಕ್ಟರು ಕ್ಲೋನಾಜೆಪಾಮ್ 0.5 ಎಂಜಿ ಬೆಳಿಗ್ಗೆ ಒಂದು, ರಾತ್ರಿ ಒಂದು ಬರೆದಿದ್ದಾರೆ. ಒಂದೂವರೆ ಎಂಜಿ ಇದ್ದದ್ದು ಒಂದಕ್ಕೆ ಇಳಿಯಿತಲ್ಲ, ಸಾಲದೆ ಹೋದರೆ? ಮನೆಯಲ್ಲಿ ಹಳೇ ಮಾತ್ರೆ ಎರಡು ಸ್ಟ್ರಿಪ್ ಉಳಿದಿದೆ. ಬೇಕೆನಿಸಿದಾಗ ಒಂದೊಂದು ನುಂಗಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲ ಉತ್ತರ: ನುಂಗಬೇಡಿ. ಔಷಧ ಬದಲಿಸುವಾಗ ಹೆಚ್ಚಿನ ಅನಾಹುತ ಆಗುವುದೇ ಹಳೆಯದೂ ಹೊಸದೂ ಲೆಕ್ಕವಿಲ್ಲದೆ ಒಟ್ಟಿಗೆ ಹೊಟ್ಟೆಗೆ ಹೋದಾಗ. ಹಳೇ ಸ್ಟ್ರಿಪ್‌ಗಳನ್ನು ಮನೆಯವರ ಕೈಗೆ ಕೊಡಿ. ಅದರಲ್ಲಿ ಎಷ್ಟನ್ನು, ಯಾವಾಗ ಬಳಸಬೇಕು ಎಂದು ಡಾಕ್ಟರೇ ಬರೆದುಕೊಡಲಿ.

ಇನ್ನು ಎಂಜಿ ವಿಷಯ. ಅಲ್ಪ್ರಾಜೋಲಮ್, ಕ್ಲೋನಾಜೆಪಾಮ್, ಡಯಾಜೆಪಾಮ್, ಲೋರಾಜೆಪಾಮ್ ಎಲ್ಲವೂ ಬೆಂಜೋಡಯಾಜೆಪೀನ್ ಎಂಬ ಒಂದೇ ಗುಂಪಿನವು. ಆದರೆ ಒಂದರ ಎಂಜಿ ಇನ್ನೊಂದರ ಎಂಜಿಗೆ ಸಮವಲ್ಲ. ಬ್ರಿಟನ್ನಿನ ನ್ಯೂಕ್ಯಾಸಲ್‌ನಲ್ಲಿ 1982ರಿಂದ 1994ರವರೆಗೆ ಈ ಮಾತ್ರೆಗಳನ್ನು ಬಿಡಿಸುವ ಕ್ಲಿನಿಕ್ ನಡೆಸಿದ ಪ್ರೊ. ಹೀದರ್ ಆಷ್ಟನ್ ಅವರ ಲೆಕ್ಕದಲ್ಲಿ ಡಯಾಜೆಪಾಮ್ 10 ಎಂಜಿಗೆ ಅಲ್ಪ್ರಾಜೋಲಮ್ 0.5, ಕ್ಲೋನಾಜೆಪಾಮ್ 0.5, ಲೋರಾಜೆಪಾಮ್ 1, ಕ್ಲೋರ್‌ಡಯಾಜೆಪಾಕ್ಸೈಡ್ 25 ಎಂಜಿ ಹೆಚ್ಚುಕಡಿಮೆ ಸಮ. ಅಮೆರಿಕದಲ್ಲಿ ಬಳಕೆಯಲ್ಲಿರುವ ಹಲವು ಪಟ್ಟಿಗಳಲ್ಲಾದರೆ ಅಲ್ಪ್ರಾಜೋಲಮ್ 1 ಎಂಜಿಗೆ ಕ್ಲೋನಾಜೆಪಾಮ್ 0.5 ಎಂಜಿ ಸಾಕು.

ನಿಮ್ಮ 1.5 ಎಂಜಿಯನ್ನು ಮೊದಲ ಲೆಕ್ಕಕ್ಕೆ ಹಾಕಿದರೆ ಕ್ಲೋನಾಜೆಪಾಮ್ 1.5 ಎಂಜಿ, ಎರಡನೆಯದಕ್ಕೆ ಹಾಕಿದರೆ 0.75 ಎಂಜಿ ಬರುತ್ತದೆ. ಒಂದಕ್ಕೊಂದು ದುಪ್ಪಟ್ಟು ಅಂತರ. ಇಂಟರ್ನೆಟ್ಟಿನ ಪಟ್ಟಿ ನೋಡಿ ತಾವೇ ಡೋಸ್ ಕಟ್ಟಿಕೊಳ್ಳಬೇಡಿ ಎಂದು ಪದೇ ಪದೇ ಹೇಳುವುದು ಇದಕ್ಕೇ. ನಿಮ್ಮ ಡಾಕ್ಟರು ಬರೆದ 1 ಎಂಜಿ ಈ ಎರಡರ ನಡುವೆ ಇದೆ. ಬದಲಿಸುವಾಗ ಲೆಕ್ಕಕ್ಕೆ ಬಂದ ಗರಿಷ್ಠಕ್ಕಿಂತ ಸ್ವಲ್ಪ ಕೆಳಗೆ ನಿಂತು, ವಾರ ಕಾಲ ನೋಡಿ, ಬೇಕಾದರೆ ಏರಿಸುವುದೇ ಸರಿಯಾದ ಕ್ರಮ. ಕಡಿಮೆಯಾದ ಡೋಸನ್ನು ಏರಿಸುವುದು ಸುಲಭ. ಹೆಚ್ಚಾಗಿ ಮಂಪರಿನಲ್ಲಿ ಬೈಕ್ ಓಡಿಸಿ ಬಿದ್ದ ಮೇಲೆ ಸರಿಪಡಿಸುವುದು ಕಷ್ಟ.

ಮಾತ್ರೆ ಬದಲಾಗಿದ್ದೇಕೆ ಎಂಬುದಕ್ಕೆ ನಿಮ್ಮ ಬೆಳಗಿನ ಜಾವದ ನಡುಕವೇ ಸುಳಿವು. ಅಲ್ಪ್ರಾಜೋಲಮ್‌ನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿರುವ ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಸುಮಾರು 11 ಗಂಟೆ. ರಾತ್ರಿ ಹತ್ತಕ್ಕೆ ನುಂಗಿದ ಮಾತ್ರೆ ಬೆಳಗಿನ ಜಾವದ ಹೊತ್ತಿಗೆ ಇಳಿಮುಖವಾಗಿರುತ್ತದೆ. ಎರಡು ವರ್ಷ ಅದಕ್ಕೆ ಒಗ್ಗಿಹೋದ ಮೆದುಳು ಆ ಇಳಿತವನ್ನೇ ಆತಂಕದ ರೂಪದಲ್ಲಿ ತೋರಿಸುತ್ತದೆ. ಇದನ್ನು ಕಾಯಿಲೆ ಉಲ್ಬಣಿಸಿತೆಂದು ತಿಳಿದು ಡೋಸ್ ಏರಿಸುತ್ತಾ ಹೋಗುವವರು ಬಹಳ. ಕ್ಲೋನಾಜೆಪಾಮ್‌ನ ಅರ್ಧಾಯುಷ್ಯ 30ರಿಂದ 40 ಗಂಟೆ. ಹಾಗಾಗಿ ಏರಿಳಿತ ಕಡಿಮೆ.

ಈ ಗುಣಕ್ಕೆ ಒಂದು ತೊಡಕೂ ಇದೆ. ಔಷಧ ರಕ್ತದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಸುಮಾರು ಐದು ಅರ್ಧಾಯುಷ್ಯ ಬೇಕು. ಕ್ಲೋನಾಜೆಪಾಮ್‌ಗೆ ಇದು ಏಳೆಂಟು ದಿನ. ಮೊದಲ ಎರಡು ದಿನ ‘ಇದು ಕೆಲಸ ಮಾಡ್ತಿಲ್ಲ’ ಎನಿಸಬಹುದು. ಆಗ ತಾವೇ ಒಂದು ಹೆಚ್ಚು ನುಂಗಿದರೆ ಐದಾರನೆಯ ದಿನ ಎಲ್ಲ ಸೇರಿಕೊಂಡು ಮಾತು ತೊದಲಿ, ಕಾಲು ತಡವರಿಸುತ್ತದೆ. ವಾರದೊಳಗೆ ಈ ಡೋಸ್ ಸಾಕೋ ಸಾಲದೋ ಎಂದು ತೀರ್ಮಾನಿಸಲು ಬರುವುದಿಲ್ಲ.

ಬದಲಾವಣೆ ಹೇಗೆ ಎಂದು ಚೀಟಿಯಲ್ಲಿ ಸ್ಪಷ್ಟವಿಲ್ಲದಿದ್ದರೆ ಫೋನ್ ಮಾಡಿ ಕೇಳಿ. ಮರುದಿನದಿಂದಲೇ ನೇರವಾಗಿ ಬದಲಿಸುವವರಿದ್ದಾರೆ, ಹಂತ ಹಂತವಾಗಿ ಬದಲಿಸುವವರೂ ಇದ್ದಾರೆ. ದೀರ್ಘಕಾಲ ನುಂಗಿದವರಿಗೆ ಹಂತದ ದಾರಿ ಹೆಚ್ಚು ಹಗುರ. ಮೊದಲು ರಾತ್ರಿಯ ಅಲ್ಪ್ರಾಜೋಲಮ್ ಬದಲು ಕ್ಲೋನಾಜೆಪಾಮ್, ಬೆಳಿಗ್ಗೆ ಮತ್ತು ಮಧ್ಯಾಹ್ನ ಹಳೆಯದೇ. ವಾರದ ನಂತರ ಬೆಳಗಿನದನ್ನೂ ಬದಲಿಸುವುದು. ಮಧ್ಯಾಹ್ನದ ಅಲ್ಪ್ರಾಜೋಲಮ್ ಅನ್ನು ಕೊನೆಯಲ್ಲಿ 0.25ಕ್ಕೆ ಇಳಿಸಿ ನಿಲ್ಲಿಸುವುದು. ರಾತ್ರಿಯಿಂದ ಶುರು ಮಾಡಿದರೆ ಹೊಸ ಔಷಧದ ಮಂಪರು ನಿದ್ದೆಯಲ್ಲೇ ಕಳೆಯುತ್ತದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಮಾತ್ರೆ ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ.

ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರವನ್ನು ಓದಲೇಬೇಕು. ನಮ್ಮಲ್ಲಿ ಕ್ಲೋನಾಜೆಪಾಮ್ 0.25, 0.5, 1, 2 ಎಂಜಿಗಳಲ್ಲಿ ಸಿಗುತ್ತದೆ. ಬ್ರ್ಯಾಂಡ್ ಬದಲಾದಾಗ ಅಂಗಡಿಯವರು ಕೊಟ್ಟದ್ದು ಯಾವ ಎಂಜಿ ಎಂದು ನೋಡದೆ ತಂದವರು ಎರಡು ಪಟ್ಟು ನುಂಗಿಬಿಡುತ್ತಾರೆ. ಎಸ್‌ಆರ್ ಎಂದು ಬರೆದ ಅಲ್ಪ್ರಾಜೋಲಮ್ ನಿಧಾನವಾಗಿ ಬಿಡುಗಡೆಯಾಗುವಂಥದ್ದು, ಅದನ್ನು ಅಗಿಯಬಾರದು, ಪುಡಿ ಮಾಡಬಾರದು. ಖಿನ್ನತೆ-ಆತಂಕಕ್ಕೆ ಕೊಡುವ ಎಸ್ಸಿಟಾಲೋಪ್ರಾಮ್ ಜೊತೆ, ಎದೆಬಡಿತ ಇಳಿಸುವ ಪ್ರೊಪ್ರನಾಲಾಲ್ ಜೊತೆ ಕ್ಲೋನಾಜೆಪಾಮ್ ಸೇರಿಸಿದ ಜೋಡಿ ಮಾತ್ರೆಗಳೂ ಉಂಟು. ಹೊಟ್ಟೆನುಲಿತಕ್ಕೆ ಕ್ಲಿಡಿನಿಯಮ್ ಇರುವ ಮಾತ್ರೆ ನುಂಗುತ್ತಿದ್ದರೆ ಅದರಲ್ಲಿ ಇದೇ ಬೆಂಜೋಡಯಾಜೆಪೀನ್ ಗುಂಪಿನ ಕ್ಲೋರ್‌ಡಯಾಜೆಪಾಕ್ಸೈಡ್ ಇರುವ ಸಾಧ್ಯತೆ ಹೆಚ್ಚು. ಇವೆಲ್ಲ ಒಟ್ಟು ಲೆಕ್ಕಕ್ಕೆ ಸೇರಬೇಕು. ಆದ್ದರಿಂದ ನೀವು ನುಂಗುವ ಪ್ರತಿಯೊಂದು ಮಾತ್ರೆಯನ್ನೂ, ಗ್ಯಾಸಿನದ್ದನ್ನೂ, ಡಾಕ್ಟರ ಮೇಜಿನ ಮೇಲೆ ಇಡಿ.

ಮದ್ಯ, ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಇವುಗಳ ಜೊತೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ 108ಕ್ಕೆ ಕರೆ ಮಾಡಬೇಕು. ಇದಕ್ಕೆ ತದ್ವಿರುದ್ಧವಾಗಿ, ಮಾತ್ರೆ ಒಮ್ಮೆಲೇ ನಿಂತರೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಿ ಗೊಂದಲ ಹತ್ತಬಹುದು. ಅದೂ ತುರ್ತು ಪರಿಸ್ಥಿತಿಯೇ. ಸ್ಟಾಕ್ ಮುಗಿಯುವ ಐದಾರು ದಿನ ಮುಂಚೆ ಹೊಸ ಚೀಟಿ ಮಾಡಿಸಿಕೊಳ್ಳಿ. ಅಲ್ಪ್ರಾಜೋಲಮ್, ಡಯಾಜೆಪಾಮ್ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಅಂಗಡಿಯವರು ಚೀಟಿ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಂಡೇ ಕೊಡಬೇಕು, ಆ ದಾಖಲೆಯನ್ನು ಮೂರು ವರ್ಷ ಇಡಬೇಕು. ‘ಇದು ಇಲ್ಲ, ಅದೇ ಥರದ್ದು ಕೊಡ್ತೀನಿ’ ಎಂದರೆ ಬೇರೆ ಹೆಸರಿನ ಔಷಧ ತರಬೇಡಿ.

ಪ್ರಶ್ನೆ: ಅಮ್ಮನಿಗೆ 72 ವರ್ಷ. ಹತ್ತು ವರ್ಷದಿಂದ ರಾತ್ರಿ ಡಯಾಜೆಪಾಮ್ 5 ಎಂಜಿ. ಬಚ್ಚಲಿಗೆ ಹೋಗುವಾಗ ಜೋಲಿ ಹೊಡೆಯುತ್ತಾರೆಂದು ಲೋರಾಜೆಪಾಮ್ 0.5 ಎಂಜಿಗೆ ಬದಲಿಸಿದರು. ಎರಡು ವಾರ ಚೆನ್ನಾಗಿದ್ದರು. ಈಗ ನಿದ್ದೆಯಿಲ್ಲ, ಚಡಪಡಿಕೆ. ಈ ಮಾತ್ರೆ ಹಿಡಿಸಲಿಲ್ಲವೇ?

ಉತ್ತರ: ಹಿಡಿಸಲಿಲ್ಲ ಎಂದು ಈಗಲೇ ಹೇಳುವಂತಿಲ್ಲ. ವಯಸ್ಸಾದವರ ಮೈಯಲ್ಲಿ ಡಯಾಜೆಪಾಮ್ ಮತ್ತು ಯಕೃತ್ತಿನಲ್ಲಿ ಅದು ಒಡೆದು ಹುಟ್ಟುವ ಡೆಸ್‌ಮೀಥೈಲ್‌ಡಯಾಜೆಪಾಮ್ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತವೆ. ನಿಲ್ಲಿಸಿದ ಮೇಲೂ ಆ ಉಳಿಕೆ ಕೆಲಸ ಮಾಡುತ್ತಿತ್ತು. ಮೊದಲ ಎರಡು ವಾರ ಅಮ್ಮ ಚೆನ್ನಾಗಿದ್ದದ್ದರಲ್ಲಿ ಅದರ ಪಾಲೂ ಇರಬಹುದು. ಈಗ ಅದು ಬರಿದಾಗುತ್ತಿರುವಾಗ ಹಳೇ ಮಾತ್ರೆ ಬಿಟ್ಟ ತೊಂದರೆ ತಡವಾಗಿ ತಲೆಯೆತ್ತಿರುವ ಸಾಧ್ಯತೆ ಇದೆ. ಲೋರಾಜೆಪಾಮ್ ಯಕೃತ್ತಿನಲ್ಲಿ ಒಂದೇ ಹೆಜ್ಜೆಯಲ್ಲಿ ಕರಗಿ ಹೋಗುತ್ತದೆ, ಉಳಿಕೆ ಬಿಡುವುದಿಲ್ಲ. ವಯಸ್ಸಾದವರಿಗೆ ಅದನ್ನು ಆರಿಸಿದ್ದಕ್ಕೆ ಒಳ್ಳೆಯ ಕಾರಣವಿದೆ. ಡೋಸ್ ಕೂಡ ಮೇಲಿನ ಬ್ರಿಟಿಷ್ ಲೆಕ್ಕಕ್ಕೆ ಸರಿಯಾಗಿದೆ. ಹಾಗೆಂದು ಕಾಯುತ್ತಾ ಕೂರಬೇಡಿ, ಈ ವಾರವೇ ಡಾಕ್ಟರಿಗೆ ತೋರಿಸಿ. ಮೂತ್ರದ ಸೋಂಕು, ಸೋಡಿಯಂ ಕುಸಿತ ಕೂಡ ಈ ವಯಸ್ಸಿನಲ್ಲಿ ಹೀಗೇ ಕಾಣಿಸಿಕೊಳ್ಳುತ್ತವೆ. ಹಳೇ ಡಯಾಜೆಪಾಮ್ ಕೊಟ್ಟು ನೋಡುವುದು ಮಾತ್ರ ಬೇಡವೇ ಬೇಡ. ಬಚ್ಚಲ ದಾರಿಯಲ್ಲಿ ರಾತ್ರಿಯಿಡೀ ಒಂದು ದೀಪ ಉರಿಯಲಿ.

ಪ್ರಶ್ನೆ: ಅಲ್ಪ್ರಾಜೋಲಮ್ 0.5 ಎಂಜಿಗೆ ಎಸ್ಸಿಟಾಲೋಪ್ರಾಮ್ ಎಷ್ಟು ಎಂಜಿ ಸಮ? ಬಸ್ಪಿರೋನ್ ಆದರೆ ಎಷ್ಟು? ಚಟವಾಗದ ಮಾತ್ರೆಗೆ ಹೋಗಬೇಕೆಂದಿದ್ದೇನೆ.

ಉತ್ತರ: ಸಮ ಎಂಬುದೇ ಇಲ್ಲಿ ಇಲ್ಲ. ಅಲ್ಪ್ರಾಜೋಲಮ್ ಗಾಬಾ ಎಂಬ ರಾಸಾಯನಿಕದ ದಾರಿಯಲ್ಲಿ ಅರ್ಧ-ಮುಕ್ಕಾಲು ಗಂಟೆಯಲ್ಲಿ ಕೆಲಸ ಮಾಡುತ್ತದೆ. ಎಸ್ಸಿಟಾಲೋಪ್ರಾಮ್, ಬಸ್ಪಿರೋನ್ ಎರಡೂ ಸಿರೊಟೋನಿನ್ ಎಂಬ ಬೇರೆ ರಾಸಾಯನಿಕದ ದಾರಿಯವು. ಎಸ್ಸಿಟಾಲೋಪ್ರಾಮ್‌ನ ಪೂರ್ಣ ಪರಿಣಾಮಕ್ಕೆ ನಾಲ್ಕರಿಂದ ಆರು ವಾರ ಬೇಕು, ಬಸ್ಪಿರೋನ್‌ಗೆ ಎರಡರಿಂದ ನಾಲ್ಕು ವಾರ. ಅಲ್ಪ್ರಾಜೋಲಮ್ ಬಿಟ್ಟಾಗ ಬರುವ ನಡುಕ, ಫಿಟ್ಸ್ ತಡೆಯುವ ಶಕ್ತಿ ಎರಡಕ್ಕೂ ಇಲ್ಲ.

ಆದ್ದರಿಂದ ಹೊಸದನ್ನು ಮೊದಲು ಸೇರಿಸಿ, ಅದು ಹಿಡಿದ ಮೇಲೆ ಹಳೆಯದನ್ನು ಇಳಿಸುವುದು ರೂಢಿ. ಎಸ್ಸಿಟಾಲೋಪ್ರಾಮ್ ಅನ್ನು ಸಾಮಾನ್ಯವಾಗಿ ಮೊದಲ ವಾರ 5, ನಂತರ 10 ಎಂಜಿ ಕೊಡುತ್ತಾರೆ. ಶುರುವಿನಲ್ಲಿ ಹೊಟ್ಟೆ ತೊಳಸಬಹುದು, ಆತಂಕವೇ ಕೊಂಚ ಹೆಚ್ಚಬಹುದು. ಅದಕ್ಕೆ ಹೆದರಿ ಮೂರನೇ ದಿನಕ್ಕೇ ಬಿಡುವವರು ತುಂಬಾ.

ಇಳಿಸುವ ವೇಗಕ್ಕೆ ಅಮೆರಿಕದ ತಜ್ಞ ಸಂಘಗಳು ಸೇರಿ 2025ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಹೀಗಿದೆ: ಎರಡರಿಂದ ನಾಲ್ಕು ವಾರಕ್ಕೊಮ್ಮೆ ಆಗಿನ ಡೋಸಿನ ಶೇ. 5ರಿಂದ 10ರಷ್ಟು ಇಳಿಸಿ ಆರಂಭಿಸುವುದು. ಎರಡು ವಾರಕ್ಕೆ ಶೇ. 25 ದಾಟಬಾರದು. ಕಾಗದದ ಮೇಲೆ ಸುಲಭ, ಕೈಗೆ ಸಿಗುವ ಮಾತ್ರೆಯಲ್ಲಿ ಕಷ್ಟ. ಅಲ್ಪ್ರಾಜೋಲಮ್ 0.25ರ ಮಾತ್ರೆಯನ್ನು ಅರ್ಧ ಮಾಡಿದರೆ 0.125 ಎಂಜಿ. ದಿನಕ್ಕೆ 0.5 ನುಂಗುವವರಿಗೆ ಅದೇ ಶೇ. 25ರ ಇಳಿತ, 0.25 ನುಂಗುವವರಿಗೆ ಶೇ. 50. ಕೊನೆಯ ಮೆಟ್ಟಿಲುಗಳಲ್ಲಿ ಜನ ಜಾರುವುದು ಇದಕ್ಕೇ. ಆ ಹಂತದಲ್ಲಿ ಕೆಲವು ವೈದ್ಯರು ಡಯಾಜೆಪಾಮ್‌ಗೆ ಬದಲಿಸುತ್ತಾರೆ. 0.25ಕ್ಕೆ ಬ್ರಿಟಿಷ್ ಲೆಕ್ಕದಲ್ಲಿ 5 ಎಂಜಿ ಬರುತ್ತದೆ, 2 ಎಂಜಿ ಮಾತ್ರೆಯನ್ನು ಅರ್ಧ ಮಾಡಿ ಒಂದೊಂದು ಎಂಜಿಯಾಗಿ ಇಳಿಯಬಹುದು. ಇದು ನಿಮಗೆ ಹೊಂದುತ್ತದೆಯೇ ಎಂಬುದನ್ನು ವಯಸ್ಸು, ಯಕೃತ್ತು, ನುಂಗುತ್ತಿರುವ ಬೇರೆ ಔಷಧ ನೋಡಿ ಡಾಕ್ಟರೇ ಹೇಳಬೇಕು. ಗ್ಯಾಸಿಗೆ ನುಂಗುವ ಒಮೆಪ್ರಜೋಲ್ ಕೂಡ ಡಯಾಜೆಪಾಮ್ ಮಟ್ಟವನ್ನು ಏರಿಸುತ್ತದೆ.

ಹತ್ತಿರದಲ್ಲಿ ಮನೋವೈದ್ಯರಿಲ್ಲದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಕರೆ ಮಾಡುವ ಮೊದಲು ಸ್ಟ್ರಿಪ್ ಕೈಯಲ್ಲಿ ಹಿಡಿದು ಔಷಧದ ಹೆಸರು, ಎಂಜಿ, ದಿನಕ್ಕೆ ಎಷ್ಟು ಸಲ, ಎಷ್ಟು ತಿಂಗಳಿನಿಂದ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.