ಹೊರರಾಜ್ಯದ ವೈದ್ಯ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸಿದರೆ ಸಾಲದೇ? ಮಾತಾಡುವ ರೀತಿಗೂ ತರಬೇತಿ ಯಾಕೆ?

ಸಾಲದು. ಪದ ಗೊತ್ತಿದ್ದರೂ, ಆ ಪದದಲ್ಲಿ ರೋಗಿ ಏನು ಹೇಳುತ್ತಿದ್ದಾರೆ ಅನ್ನೋದು ಬೇರೆಯೇ ಇರಬಹುದು. ಅದಕ್ಕೇ 2019ರ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಸ್ಥಳೀಯ ಭಾಷೆಯ ಜೊತೆಗೆ ರೋಗಿಯೊಡನೆ ಮಾತಾಡುವ ಕಲೆಯನ್ನೂ ಸೇರಿಸಿದರು.

ಮಂಡ್ಯ ಕಡೆಯ ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರನ್ನು "ಪಥ್ಯ ಮಾಡ್ತಿದ್ದೀರಾ?" ಅಂತ ಕೇಳಿ. "ಹೂಂ ಕಣಪ್ಪ, ಅನ್ನ ಮುಟ್ಟೋದೇ ಇಲ್ಲ" ಅಂತಾರೆ. ಸುಳ್ಳಲ್ಲ. ಆದರೆ ಹೊತ್ತಿಗೆ ಎರಡು ಮುದ್ದೆ ಇಳಿದಿರುತ್ತದೆ! ರಾಗಿಯಲ್ಲೂ ಪಿಷ್ಟ ಜಾಸ್ತಿ, ಅದೂ ಸಕ್ಕರೆ ಏರಿಸುತ್ತದೆ ಅನ್ನೋದು ಅವರ ಲೆಕ್ಕದಲ್ಲಿಲ್ಲ. ಮುದ್ದೆ ಎಷ್ಟು ಅಂತ ಕೇಳಬೇಕು ಅನ್ನೋದು ದಿಲ್ಲಿಯಿಂದ ಬಂದ ಹುಡುಗನಿಗೆ ಹೊಳೆಯಲ್ಲ. ಮೈಸೂರು ಪೇಟೆಯಲ್ಲಿ ಬೆಳೆದವರಿಗೂ ಎಷ್ಟೋ ಸಲ ಹೊಳೆಯಲ್ಲ ಬಿಡಿ.

ಇನ್ನೊಂದು ತೊಡಕು ರೋಗಿಗಳ ಸಂಕೋಚ. ಡಾಕ್ಟರ ಎದುರು "ಗೊತ್ತಾಗಲಿಲ್ಲ" ಅನ್ನೋದು ಮರ್ಯಾದೆಯಲ್ಲ ಅಂತ ಸುಮ್ನೆ ತಲೆ ಆಡಿಸಿ, ಆಮೇಲೆ ಔಷಧಿ ಅಂಗಡಿಯವರನ್ನು ಕೇಳುತ್ತಾರೆ. ಹಾಗಾಗಿ "ಅರ್ಥ ಆಯ್ತಾ?" ಅನ್ನೋ ಪ್ರಶ್ನೆಯಿಂದ ಏನೂ ಗೊತ್ತಾಗಲ್ಲ. ಅದರ ಬದಲು ಹೀಗೆ ಕೇಳೋದನ್ನು ರೂಢಿ ಮಾಡಿಸಬೇಕು: "ಈ ಮಾತ್ರೆ ಮನೇಲಿ ಯಾವಾಗ ತಗೋತೀರಿ, ಒಂದ್ಸಲ ನನಗೆ ಹೇಳಿ ಅಜ್ಜಿ."