ಶಾಲೆಗಳ ಅಂಕಕ್ಕೆ ಮಲ್ಟಿಲೆವೆಲ್ ಮಾಡೆಲ್ ಹಾಕಿದರೆ 'ಸಿಂಗುಲರ್ ಫಿಟ್' ಬರುತ್ತಿದೆ, ಶಾಲೆಯನ್ನು ಬಿಟ್ಟುಬಿಡಲಾ?

ನಿಮ್ಮ ಹತ್ತಿರ ಡೊಂಬಿವಲಿ, ಕಲ್ಯಾಣ, ಥಾಣೆ ಕಡೆಯ 38 ಶಾಲೆಗಳ ಸುಮಾರು 950 ಮಕ್ಕಳ ಹತ್ತನೇ ತರಗತಿ ಗಣಿತದ ಅಂಕ ಇದೆ. ವಾರಕ್ಕೆ ಎಷ್ಟು ಗಂಟೆ ಟ್ಯೂಷನ್ ಅನ್ನೋದೂ ಇದೆ. ಮಕ್ಕಳನ್ನೂ ಅವರ ಶಾಲೆಯನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಮಾಡೆಲ್ ಅಂದರೆ ಮಲ್ಟಿಲೆವೆಲ್ ಮಾಡೆಲ್. ಅದಕ್ಕೆ ಆರ್ (R) ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರಿನಲ್ಲಿ ಎಲ್‌ಎಂಇ4 (lme4) ಪ್ಯಾಕೇಜ್ ಓಡಿಸಿದರೆ 'ಸಿಂಗುಲರ್ ಫಿಟ್' ಅಂತ ಬರುತ್ತದೆ, ಹಾಗಾಗಿ ಶಾಲೆಯನ್ನು ಬಿಟ್ಟು ಸಾದಾ ರಿಗ್ರೆಷನ್ ಮಾಡಲಾ ಅಂತ ಕೇಳಿದ್ದೀರಿ.

ದಯವಿಟ್ಟು ಬಿಡಬೇಡಿ. ಒಂದೇ ಶಾಲೆಯ ಮಕ್ಕಳಿಗೆ ಅದೇ ಟೀಚರು, ಅದೇ ಏರಿಯಾ, ಅದೇ ತರಹದ ಮನೆ. ಅವರ ಅಂಕಗಳು ಒಂದಕ್ಕೊಂದು ಹೋಲುತ್ತವೆ, ಅಲ್ವಾ? ಅಂಕಗಳ ಒಟ್ಟು ಏರುಪೇರಿನಲ್ಲಿ ಶಾಲೆಯ ಪಾಲು 0.15 ಅಂತ ಇಟ್ಟುಕೊಳ್ಳಿ, ಶಾಲೆಗೆ ಸರಾಸರಿ 25 ಮಕ್ಕಳು. ಒಂದು ಮಗುವಿನ ಜೊತೆ ಅದೇ ಶಾಲೆಯ ಇನ್ನುಳಿದ 24 ಮಕ್ಕಳು, ಹಾಗಾಗಿ 1 + 24 × 0.15 ಅಂದರೆ 4.6. 950ನ್ನು ಇದರಿಂದ ಭಾಗಿಸಿ. ಒಟ್ಟಾರೆ ಸರಾಸರಿಯ ಮಟ್ಟಿಗೆ ನಿಮ್ಮ 950 ಮಕ್ಕಳು ಸುಮಾರು 206 ಬಿಡಿ ಮಕ್ಕಳಷ್ಟು ಮಾತ್ರ ಮಾಹಿತಿ ಕೊಡುತ್ತಾರೆ. ಕಲಿಕೆಯ ಮಾಧ್ಯಮದಂಥ ಶಾಲೆ ಮಟ್ಟದ ಅಂಶಕ್ಕೂ ಇದೇ ಪಾಡು. ಸಾದಾ ರಿಗ್ರೆಷನ್‌ಗೆ ಇದು ಗೊತ್ತಾಗುವುದಿಲ್ಲ, ಅದು 950 ಅಂತಲೇ ನಂಬಿ ತುಂಬಾ ಧೈರ್ಯದಿಂದ ಉತ್ತರ ಕೊಡುತ್ತದೆ.

ಈಗ ಆ ಎಚ್ಚರಿಕೆ. ವೇರ್‌ಕಾರ್ (VarCorr, ಏರುಪೇರಿನ ಅಂದಾಜುಗಳನ್ನು ತೋರಿಸುವ ಆಜ್ಞೆ) ಓಡಿಸಿ ನೋಡಿ. ಯಾವುದೋ ಒಂದು ವೇರಿಯನ್ಸ್ (ಏರುಪೇರಿನ ಅಳತೆ) ಸೊನ್ನೆ ಆಗಿರುತ್ತದೆ, ಇಲ್ಲವೇ ಇಂಟರ್ಸೆಪ್ಟ್ (ಪ್ರತಿ ಶಾಲೆಯ ಆರಂಭದ ಮಟ್ಟ) ಮತ್ತು ಸ್ಲೋಪ್ (ಒಂದು ಗಂಟೆ ಟ್ಯೂಷನ್ ಹೆಚ್ಚಿದರೆ ಅಂಕ ಎಷ್ಟು ಬದಲಾಗುತ್ತದೆ ಅನ್ನೋದು) ನಡುವಿನ ಕೋರಿಲೇಷನ್ 1 ಅಥವಾ -1ಕ್ಕೆ ಹೋಗಿ ಅಂಟಿಕೊಂಡಿರುತ್ತದೆ. ನೀವು ಟ್ಯೂಷನ್‌ನ ಪರಿಣಾಮವೂ ಶಾಲೆಯಿಂದ ಶಾಲೆಗೆ ಬದಲಾಗಲಿ ಅಂತ ಮೊದಲ ಸಲವೇ ಸ್ಲೋಪ್ ಹಾಕಿದ್ದೀರಿ, ಆದ್ದರಿಂದ ಎರಡನೆಯದೇ ಇರಬೇಕು ಅನ್ನಿಸುತ್ತದೆ. ಸಾಫ್ಟ್‌ವೇರ್ ಕೆಟ್ಟಿಲ್ಲ. ನೀವು ಕೇಳಿದಷ್ಟು ಸೂಕ್ಷ್ಮವಾದ ವಿಷಯ ಹೇಳಲು ಡೇಟಾ ಸಾಲುತ್ತಿಲ್ಲ, ಅಷ್ಟೇ. ಹಾಗಂತ ಸೊನ್ನೆ ಬಂತು ಅಂದರೆ ಶಾಲೆಗಳ ನಡುವೆ ವ್ಯತ್ಯಾಸವೇ ಇಲ್ಲ ಅಂತಲೂ ಬರೆಯಬೇಡಿ.

ಕೆಳಗಿನಿಂದ ಕಟ್ಟಿಕೊಂಡು ಬನ್ನಿ. ಮೊದಲು ಬರೀ ಶಾಲೆಯ ಇಂಟರ್ಸೆಪ್ಟ್, ಬೇರೇನೂ ಬೇಡ. ಆಮೇಲೆ ಟ್ಯೂಷನ್ ಸೇರಿಸಿ. ಕೊನೆಗೆ ಸ್ಲೋಪ್, ಅದೂ ಮೊದಲು ಸೂತ್ರದಲ್ಲಿ ಎರಡು ಕಂಬಿ (||) ಹಾಕಿ, ಕೋರಿಲೇಷನ್ ಇಲ್ಲದೆ. ಎಲ್ಲಿ ಎಚ್ಚರಿಕೆ ಶುರುವಾಯಿತು ಅನ್ನೋದು ಹಾಗೆ ತಾನಾಗಿಯೇ ಗೊತ್ತಾಗುತ್ತದೆ.

ಟ್ಯೂಷನ್ ಗಂಟೆಯನ್ನು ಹಾಗೇ ಹಾಕಬೇಡಿ. ಪ್ರತಿ ಶಾಲೆಯ ಸರಾಸರಿ ಒಂದು ಕಾಲಂ, ಆ ಸರಾಸರಿಗಿಂತ ಮಗು ಎಷ್ಟು ಜಾಸ್ತಿ ಅಥವಾ ಕಡಿಮೆ ಅನ್ನೋದು ಇನ್ನೊಂದು ಕಾಲಂ. ಟ್ಯೂಷನ್‌ಗೆ ದುಡ್ಡಿರುವ ಏರಿಯಾದ ಶಾಲೆಯಲ್ಲಿ ಅಂಕ ಜಾಸ್ತಿ ಇರುವುದು ಬೇರೆ ಕಥೆ, ಒಂದೇ ಕ್ಲಾಸಿನಲ್ಲಿ ಜಾಸ್ತಿ ಟ್ಯೂಷನ್‌ಗೆ ಹೋದ ಮಗುವಿನ ಕಥೆ ಬೇರೆ. ಎಷ್ಟೋ ಸಲ ಎರಡನೆಯದು ಉಲ್ಟಾ ಬರುತ್ತದೆ, ಏಕೆಂದರೆ ಗಣಿತ ಕಷ್ಟವಾದ ಮಗುವನ್ನೇ ಮನೆಯವರು ಜಾಸ್ತಿ ಟ್ಯೂಷನ್‌ಗೆ ಕಳಿಸುತ್ತಾರೆ.

ಮರಾಠಿ, ಇಂಗ್ಲಿಷ್, ಹಿಂದಿ, ಕನ್ನಡ ಅಂತ ಮಾಧ್ಯಮ ನಾಲ್ಕೇ ಇದೆ. ಅದನ್ನು ರ‍್ಯಾಂಡಮ್ ಮಾಡಬೇಡಿ, ಫಿಕ್ಸೆಡ್ ಆಗಿಯೇ ಇಡಿ, ಅಂದರೆ ಮಾಧ್ಯಮಗಳ ನಡುವಿನ ಏರುಪೇರು ಅಂದಾಜು ಮಾಡಿಸದೆ ಪ್ರತಿ ಮಾಧ್ಯಮದ ಪರಿಣಾಮವನ್ನು ನೇರವಾಗಿ ಲೆಕ್ಕ ಹಾಕಿಸಿ. ನಾಲ್ಕು ಸಂಖ್ಯೆಯಿಂದ ವೇರಿಯನ್ಸ್ ಅಂದಾಜು ಮಾಡುವುದು ಮುಂಬಯಿ ಲೋಕಲ್ ರೈಲಿನ ವೆಸ್ಟರ್ನ್, ಸೆಂಟ್ರಲ್, ಹಾರ್ಬರ್ ಮೂರು ಲೈನ್ ನೋಡಿ ಲೋಕದ ರೈಲುಗಳೆಲ್ಲ ಎಷ್ಟು ತಡವಾಗುತ್ತವೆ ಅಂತ ಹೇಳಿದ ಹಾಗೆ.

ನನಗೆ ಮುಖ್ಯ ಅನ್ನಿಸುವುದು ಸಣ್ಣ ಶಾಲೆಗಳ ವಿಷಯ. ಪುಣೆಗೆ ಬಂದ ಹೊಸದರಲ್ಲಿ ಒಂದು ಸಂಸ್ಥೆಗೆ ನಾನು ಶಾಲೆಗಳ ಪಟ್ಟಿ ಮಾಡಿಕೊಟ್ಟೆ, ಬರೀ ಸರಾಸರಿ ಅಂಕದ ಮೇಲೆ. ಮೇಲಿನ ಐದೂ ಸಣ್ಣ ಶಾಲೆ, ಕೆಳಗಿನ ಐದೂ ಸಣ್ಣ ಶಾಲೆ. ಕೆಳಗೆ ಬಂದ ಒಂದು ಶಾಲೆಯಲ್ಲಿ ಪರೀಕ್ಷೆಗೆ ಕೂತಿದ್ದೇ ಐದು ಮಕ್ಕಳು, ಒಬ್ಬನಿಗೆ ಆ ವಾರ ಜ್ವರ. ಹೆಡ್‌ಮೇಡಂ ಒಬ್ಬರೇ ಬಂದು ಎಲ್ಲರೆದುರು ವಿವರಣೆ ಕೊಡಬೇಕಾಯಿತು. ಮರುವರ್ಷ ಅದೇ ಶಾಲೆ ಪಟ್ಟಿಯ ನಡುವೆ ಬಂತು. ಅವತ್ತಿನ ಅವರ ಮುಖ ನನಗಿನ್ನೂ ನೆನಪಿದೆ.

ಮಲ್ಟಿಲೆವೆಲ್ ಮಾಡೆಲ್ ಇದನ್ನು ಹೇಗೆ ತಡೆಯುತ್ತದೆ ನೋಡಿ. ಅದೇ 0.15 ಇಟ್ಟುಕೊಂಡರೆ, ಮಕ್ಕಳ ನಡುವಿನ ಪಾಲು ಉಳಿದ 0.85. ಅದನ್ನು 0.15ರಿಂದ ಭಾಗಿಸಿದಾಗ ಸುಮಾರು 5.67. ಶಾಲೆಯಲ್ಲಿ 4 ಮಕ್ಕಳಿದ್ದರೆ ಅದರ ಸ್ವಂತ ಸರಾಸರಿಗೆ ಸಿಗುವ ತೂಕ 4 ಭಾಗಿಸು 9.67 (4 + 5.67), ಅಂದರೆ 0.41. ಮಕ್ಕಳು 60 ಇದ್ದರೆ 0.91. ಎಲ್ಲಾ ಶಾಲೆಗಳ ಸರಾಸರಿ 55 ಇದ್ದು ಈ ಎರಡೂ ಶಾಲೆಗಳಲ್ಲಿ 80 ಬಂದಿದ್ದರೆ, ಸಣ್ಣ ಶಾಲೆಯ ಅಂದಾಜು ಸುಮಾರು 65ಕ್ಕೆ ಇಳಿಯುತ್ತದೆ, ದೊಡ್ಡದು 78ರ ಹತ್ತಿರ ನಿಲ್ಲುತ್ತದೆ. 30 ಬಂದಿದ್ದರೂ ಹೀಗೇ, ಸಣ್ಣ ಶಾಲೆಯನ್ನು ಅದು ಮೇಲಕ್ಕೆ ಎಳೆದುಕೊಳ್ಳುತ್ತದೆ. ಮುಂಬಯಿ ಕಡೆ ಕನ್ನಡ ಮಾಧ್ಯಮದಲ್ಲಿ ಮಕ್ಕಳು ಕಡಿಮೆಯಾಗಿರುವುದು ನಮಗೆಲ್ಲ ಗೊತ್ತು. ನಿಮ್ಮ ಪಟ್ಟಿಯಲ್ಲಿ ಅಂಥ ಶಾಲೆಗಳು ಇದ್ದೇ ಇರುತ್ತವೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ಚೆಕ್ ಮಾಡುವುದು. ನಿಜವಾದ ಡೇಟಾ ಮುಟ್ಟುವ ಮೊದಲು ಸುಳ್ಳು ಡೇಟಾ ಮಾಡಿ. ಅದೇ 38 ಶಾಲೆ, ಅಷ್ಟಷ್ಟೇ ಮಕ್ಕಳು, ಶಾಲೆಗಳ ನಡುವಿನ ಸ್ಟ್ಯಾಂಡರ್ಡ್ ಡೀವಿಯೇಷನ್ 6 ಅಂಕ, ಸ್ಲೋಪ್‌ನದು 0.5 ಅಂತ ನೀವೇ ತೀರ್ಮಾನಿಸಿ ಅಂಕ ಹುಟ್ಟಿಸಿ, ಮಾಡೆಲ್ ಓಡಿಸಿ, ಹೀಗೆ ನೂರು ಸಲ. ನೀವೇ ಇಟ್ಟ 6 ವಾಪಸ್ ಸಿಗುತ್ತದಾ? ಸ್ಲೋಪ್‌ನ ವ್ಯತ್ಯಾಸ ಅರ್ಧದಷ್ಟು ಸಲ ಸೊನ್ನೆ ಅಂತ ಬಂದರೆ, ಇಷ್ಟು ಡೇಟಾದಲ್ಲಿ ಅದು ಇದ್ದರೂ ಕಾಣುವುದಿಲ್ಲ ಅಂತ ಅರ್ಥ. ಅರ್ಧ ದಿನದ ಕೆಲಸ, ಆದರೆ ನಿಮ್ಮ ಡಿಸರ್ಟೇಷನ್‌ನಲ್ಲಿ ಇದರಷ್ಟು ಕಲಿಸುವ ಅರ್ಧ ದಿನ ಇನ್ನೊಂದು ಸಿಗುವುದಿಲ್ಲ.

ನಿಜವಾದ ಡೇಟಾಗೆ ಹಾಕಿದ ಮೇಲೆ ಉಲ್ಟಾ ಮಾಡಿ. ಮಾಡೆಲ್‌ನಿಂದ ಇಪ್ಪತ್ತು ಸೆಟ್ ಅಂಕ ಹುಟ್ಟಿಸಿ, ನಿಜವಾದ ಅಂಕದ ಪಕ್ಕದಲ್ಲಿ ಹಿಸ್ಟೋಗ್ರಾಂ ಹಾಕಿ. ಮಹಾರಾಷ್ಟ್ರ ಬೋರ್ಡಿನಲ್ಲಿ ಪಾಸಾಗಲು 35 ಬೇಕು, ಗ್ರೇಸ್ ಅಂಕವೂ ಇದೆ. ಹಾಗಾಗಿ ನಿಮ್ಮ ಡೇಟಾದಲ್ಲಿ 35ರ ಹತ್ತಿರ ಒಂದು ಗುಡ್ಡೆ, ಅದರ ಕೆಳಗೆ ಒಂದು ಹಳ್ಳ ಕಾಣಬಹುದು. ನಾರ್ಮಲ್ (ಬೆಲ್ ಆಕಾರದ) ಮಾಡೆಲ್‌ಗೆ ಆ ಗುಡ್ಡೆ ಗೊತ್ತೇ ಇಲ್ಲ, ಅದು 107 ಅಂಕವನ್ನೂ ಸುಮ್ನೆ ಕೊಡುತ್ತದೆ. ಟ್ಯೂಷನ್‌ನ ಸರಾಸರಿ ಪರಿಣಾಮವಷ್ಟೇ ಬೇಕಿದ್ದರೆ ಇದನ್ನು ಸ್ವಲ್ಪ ಸಹಿಸಬಹುದು. ಎಷ್ಟು ಮಕ್ಕಳು ಫೇಲ್ ಆಗುತ್ತಾರೆ ಅಂತ ಹೇಳಬೇಕಿದ್ದರೆ ಮಾತ್ರ ಈ ಮಾಡೆಲ್ ನಡೆಯುವುದಿಲ್ಲ. ಇದನ್ನೇ ಶಾಲೆವಾರು ಕೂಡ ನೋಡಿ, ಒಟ್ಟಿನಲ್ಲಿ ಚೆನ್ನಾಗಿ ಕಂಡಿದ್ದು ಒಂದೊಂದು ಶಾಲೆಯಲ್ಲಿ ಕೆಟ್ಟಿರುತ್ತದೆ.

ಸಿಂಗುಲರ್ ಫಿಟ್ ಆಮೇಲೂ ಹೋಗದಿದ್ದರೆ ಬಿಆರ್‌ಎಂಎಸ್‌ಗೆ ಬನ್ನಿ, ಅದು ಆರ್‌ನದೇ ಬೇಸಿಯನ್ ಪ್ಯಾಕೇಜ್ (brms), ಲೆಕ್ಕಕ್ಕೆ ಒಳಗೆ ಸ್ಟ್ಯಾನ್ (Stan) ಎಂಬ ಸಾಫ್ಟ್‌ವೇರ್ ಬಳಸುತ್ತದೆ. ಶಾಲೆಗಳ ಸ್ಟ್ಯಾಂಡರ್ಡ್ ಡೀವಿಯೇಷನ್‌ಗೆ ಸ್ಕೇಲ್ 10 ಇರುವ ಹಾಫ್ ನಾರ್ಮಲ್ (ಸೊನ್ನೆಯಿಂದ ಮೇಲಿನ ಅರ್ಧ ಬೆಲ್) ಪ್ರಯರ್, ಅಂದರೆ ಡೇಟಾ ನೋಡುವ ಮೊದಲಿನ ಅಂದಾಜು, ಕೊಡಿ. ಅದು 20 ಅಂಕ ದಾಟುವುದು ಅಪರೂಪ ಅಂತ ನೀವು ಹೇಳಿದ ಹಾಗೆ ಆಯಿತು, ನೂರು ಅಂಕದ ಪರೀಕ್ಷೆಗೆ ಇದು ನ್ಯಾಯವೇ. ಲೆಕ್ಕ ಒಂದೇ ಉತ್ತರಕ್ಕೆ ನೆಲೆ ನಿಂತಿದೆಯಾ ಅಂತ ತೋರಿಸುವ ಆರ್-ಹ್ಯಾಟ್ 1.01ಕ್ಕಿಂತ ಕಡಿಮೆ ಇರಲಿ. ಡೈವರ್ಜೆಂಟ್ ಟ್ರಾನ್ಸಿಷನ್ (ಲೆಕ್ಕ ದಾರಿ ತಪ್ಪಿದ ಎಚ್ಚರಿಕೆ) ಬಂದರೆ ಲೆಕ್ಕದ ಹೆಜ್ಜೆ ಚಿಕ್ಕದು ಮಾಡುವ ಅಡಾಪ್ಟ್ ಡೆಲ್ಟಾ 0.95, 0.99 ಅಂತ ಏರಿಸಿ. ಆಗಲೂ ಹೋಗದಿದ್ದರೆ ಮತ್ತೆ ಏರಿಸುತ್ತಾ ಕೂರಬೇಡಿ, ಮಾಡೆಲ್ ಅನ್ನೇ ಮತ್ತೆ ನೋಡಿ.

ಇವತ್ತೇ ಆಗುವ ಕೆಲಸ ಒಂದಿದೆ: ಪ್ರತಿ ಶಾಲೆಯಲ್ಲಿ ಎಷ್ಟು ಮಕ್ಕಳು, ಅದರಲ್ಲಿ ಎಷ್ಟು ಜನಕ್ಕೆ ಟ್ಯೂಷನ್ ಸೊನ್ನೆ ಗಂಟೆ ಅಂತ ಎಣಿಸಿ ಇಲ್ಲಿ ಹಾಕಿ. ಎಷ್ಟೋ ಶಾಲೆಗಳಲ್ಲಿ ಎಲ್ಲರದ್ದೂ ಸೊನ್ನೆ ಇದ್ದರೆ ಸ್ಲೋಪ್ ಯಾಕೆ ನಿಲ್ಲುತ್ತಿಲ್ಲ ಅಂತ ಅಲ್ಲೇ ಸಿಗುತ್ತದೆ.