ಮಗಳ ಮದುವೆಯಾದರೆ ಅಪ್ಪನ ಜವಾಬ್ದಾರಿ ಮುಗಿಯುತ್ತದೆಯೇ?

ಮುಂದಿನ ತಿಂಗಳು ಮಗಳ ಮದುವೆ, ಅಲ್ಲಿಗೆ ನನ್ನ ಜವಾಬ್ದಾರಿ ಮುಗಿದ ಹಾಗೆ ಅಲ್ಲವೇ ಎಂದು ಕೇಳಿದ್ದೀರಿ. ಮುಗಿಯುವುದಿಲ್ಲ ಸರ್. ನನ್ನ ಮಗಳು ಮದುವೆಯಾಗಿ ಶಿವಮೊಗ್ಗದಲ್ಲಿದ್ದಾಳೆ, ನಾವು ತುಮಕೂರಿನಲ್ಲಿ. ಅನುಭವದಿಂದಲೇ ಹೇಳುತ್ತಿದ್ದೇನೆ.

ಧಾರೆ ಎರೆದು ಕೊಟ್ಟ ಮೇಲೆ ಅವಳು ಆ ಮನೆಯವಳು ಅನ್ನುವ ಮಾತು ನಮ್ಮಲ್ಲಿ ಬಹಳ. ಎಷ್ಟೋ ಹೆಣ್ಣುಮಕ್ಕಳು ಕಷ್ಟ ನುಂಗಿಕೊಂಡು ಕೂರುವುದು ಈ ಮಾತಿಗೆ ಹೆದರಿಯೇ. ಹೊಂದಿಕೊಂಡು ಹೋಗು ಅನ್ನುವವರು ನೂರು ಜನ ಸಿಗುತ್ತಾರೆ. "ಯಾವ ಹೊತ್ತಿನಲ್ಲಾದರೂ ಬಾ, ಕಾರಣ ಆಮೇಲೆ ಹೇಳುವೆಯಂತೆ" ಅಂತ ಅಪ್ಪ ಹೇಳಬೇಕು. ಅಳಿಯ ಎಷ್ಟೇ ಒಳ್ಳೆಯವನಾಗಿರಲಿ, ಮದುವೆಗೆ ಮೊದಲೇ ಹೇಳಬೇಕು.

ಆಸ್ತಿಯ ವಿಷಯವನ್ನೂ ಬಾಯಿಬಿಟ್ಟೇ ಹೇಳುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ಮದುವೆಯಾದರೂ ಹೋಗುವುದಿಲ್ಲ. ತಿದ್ದುಪಡಿ ಬರುವ ಹೊತ್ತಿಗೆ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೂ ನಡೆಯುವುದೇನು? ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು, ಒಂದು ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ತವರು ತಪ್ಪಿಹೋದೀತು ಎಂದು ಅವಳೂ ಹಾಕುತ್ತಾಳೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಅಪ್ಪ ಗಟ್ಟಿಯಾಗಿರುವಾಗಲೇ ಮಗನನ್ನೂ ಮಗಳನ್ನೂ ಎದುರು ಕೂರಿಸಿಕೊಂಡು ಯಾರಿಗೆ ಏನು ಎಂದು ಹೇಳಿಬಿಡಬೇಕು. ಸ್ವಯಾರ್ಜಿತಕ್ಕೆ ವಿಲ್ ಬರೆಯಿರಿ. ಇಬ್ಬರು ಸಾಕ್ಷಿಗಳ ಸಹಿ ಬೇಕು; ನೋಂದಣಿ ಕಡ್ಡಾಯವಲ್ಲ, ಆದರೂ ನಾನು ಮಾಡಿಸಿದ್ದೇನೆ.

ಇನ್ನು ಸಂತೋಷ. ಅದು ಮೊದಲಿಗಿಂತ ಈಗಲೇ ಹೆಚ್ಚು. ಸಂಕ್ರಾಂತಿ ಹೊತ್ತಿಗೆ ಮಗಳು ಬರುತ್ತಾಳೆ. ನೆನೆಸಿಟ್ಟ ಅವರೆಕಾಳನ್ನು ನಡುವೆ ಇಟ್ಟುಕೊಂಡು ಇಬ್ಬರೂ ಹಿತುಕುತ್ತಾ ಕೂರುತ್ತೇವೆ. ಕಣ್ಣು ತಟ್ಟೆಯ ಮೇಲಿರುವುದರಿಂದಲೋ ಏನೋ, ಫೋನಿನಲ್ಲಿ ಹೇಳದ್ದೆಲ್ಲ ಆಗ ಹೊರಗೆ ಬರುತ್ತದೆ: ಮನೆ ಸಾಲ, ಆಫೀಸಿನ ರಗಳೆ, ಮಗುವಿನ ಹಟ. ಹಿಂದೆ ನನ್ನ ಅಪ್ಪಣೆ ಕೇಳುತ್ತಿದ್ದಳು, ಈಗ ಅಭಿಪ್ರಾಯ ಕೇಳುತ್ತಾಳೆ. ಕೇಳಿ, ತನಗೆ ಸರಿ ಕಂಡದ್ದನ್ನೇ ಮಾಡುತ್ತಾಳೆ. ನನಗೆ ಅದೇ ಹೆಮ್ಮೆ.

ಮದುವೆ ಗಡಿಬಿಡಿಯಲ್ಲಿ ಒಂದು ಕೆಲಸ ಮಾತ್ರ ಮರೆಯಬೇಡಿ. ಅವಳ ಅಂಕಪಟ್ಟಿ, ಪಾಸ್‌ಪೋರ್ಟ್, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಒಂದು ಫೈಲಿಗೆ ಹಾಕಿ ಅವಳ ಕೈಗೇ ಕೊಡಿ. ಒಡವೆಗಳ ಪಟ್ಟಿ, ಬಿಲ್ಲುಗಳೂ ಅದರಲ್ಲೇ ಇರಲಿ. ಅದು ಸ್ತ್ರೀಧನ, ಕಾನೂನಿನ ಪ್ರಕಾರ ಪೂರ್ತಿ ಅವಳದೇ.